ಆಂಪ್ಲಿಫೈಯರ್‌ನಿಂದ ಸ್ಪೀಕರ್ ಬಾಕ್ಸ್‌ಗೆ ಯಾವ ವೈರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಜಾತ್ರೆ, ಮದುವೆ ಹಂಗಾಮು ಬಂತೆಂದರೆ ವೈರಿನ ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. ಎಲ್ಲದರಲ್ಲೂ ಬ್ರ್ಯಾಂಡಿನ ಹೆಸರಿರುತ್ತದೆ, ವ್ಯಾಟ್ ಇರುತ್ತದೆ. ವೈರ್ ಎಷ್ಟು ಉದ್ದ, ಬಾಕ್ಸ್ ಎಷ್ಟು ಓಮ್ ಎಂಬುದೇ ಇರುವುದಿಲ್ಲ. ಈ ಸಲ ಅವೆರಡನ್ನೂ ಬರೆದವರು ಒಬ್ಬರೇ. ಹೆಚ್ಚಿನ ಜಾಗ ಅವರಿಗೆ.

8 ಓಮಿನ ಎರಡು ಬಾಕ್ಸ್ ಒಂದೇ ಚಾನೆಲ್ಲಿಗೆ ಹಾಕೀವ್ರಿ. ಆಂಪ್ಲಿಫೈಯರ್ 4 ಓಮಿಗೆ 400 ವ್ಯಾಟ್. ಸ್ಟೇಜ್ 30 ಮೀಟರ್ ದೂರ ಅದ, 23/36 ವೈರ್ ಎಳದೀವಿ. ಬೇಸ್ ಬಿಗಿ ಬರವಲ್ದು, ವೈರ್ ಬೆಚ್ಚಗ ಆಗ್ತದ. ಅಂಗಡ್ಯಾಗ ದೊಡ್ಡ ಆಂಪ್ಲಿಫೈಯರ್ ತಗೋರಿ ಅಂತಾರ. ತಗೋಬೇಕೇನ್ರಿ? — ಸೇಡಂ

ಬೇಡ. 23/36 ಅಂದರೆ 36 ಗೇಜಿನ 23 ಎಳೆ. ಎಲ್ಲ ಸೇರಿದರೂ ತಾಮ್ರ ಸುಮಾರು 0.67 ಚದರ ಮಿಲಿಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕು, ಆದ್ದರಿಂದ ನಿಮ್ಮ 30 ಮೀಟರ್ ಲೆಕ್ಕದಲ್ಲಿ 60 ಮೀಟರ್. ಅಷ್ಟು ಉದ್ದಕ್ಕೆ ವೈರಿನ ರೋಧವೇ ಸುಮಾರು 1.5 ಓಮ್. ಎರಡು ಬಾಕ್ಸ್ ಸೇರಿ ಇರುವುದು 4 ಓಮ್. ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಬಾಕ್ಸ್‌ಗಳಿಗೆ ತಲುಪುವುದು 210 ವ್ಯಾಟಿನಷ್ಟು. ಸುಮಾರು 80 ವ್ಯಾಟ್ ವೈರನ್ನೇ ಕಾಯಿಸುತ್ತದೆ. ಒಟ್ಟು ರೋಧ ಹೆಚ್ಚಿದ್ದರಿಂದ ಉಳಿದದ್ದು ಆಂಪ್ಲಿಫೈಯರಿನಿಂದ ಹೊರಡುವುದೇ ಇಲ್ಲ. ವೈರ್ ಬೆಚ್ಚಗಾಗುವುದು ಇದಕ್ಕೇ.

ಬೇಸ್ ಸಡಿಲವಾಗುವುದಕ್ಕೂ ಕಾರಣ ಅದೇ. ಹೊಡೆತ ಮುಗಿದ ಮೇಲೆ ವೂಫರಿನ (ಬೇಸ್ ನುಡಿಸುವ ಸ್ಪೀಕರಿನ) ಕೋನನ್ನು ಹಿಡಿದು ನಿಲ್ಲಿಸುವುದು ಆಂಪ್ಲಿಫೈಯರ್. ನಡುವೆ ಒಂದೂವರೆ ಓಮ್ ಕೂತರೆ ಆ ಹಿಡಿತ ತಪ್ಪುತ್ತದೆ. ಆಗ ಆಪರೇಟರ್ ಬೇಸ್ ಏರಿಸುತ್ತಾನೆ, ಆಂಪ್ಲಿಫೈಯರ್ ಕ್ಲಿಪ್ ಆಗುತ್ತದೆ (ಮಿತಿ ಮೀರಿ ಧ್ವನಿ ಒಡೆಯುತ್ತದೆ), ಮೇಲಿನ ಹಾರ್ನಿನ ಡ್ರೈವರ್ ಸುಡುತ್ತದೆ. ದೊಡ್ಡ ಆಂಪ್ಲಿಫೈಯರ್ ತಂದರೆ ಈ ವೈರ್ ಇನ್ನೂ ಹೆಚ್ಚು ಕಾಯುತ್ತದೆ, ಅಷ್ಟೇ. ಹಾಗೆ ಸಲಹೆ ಕೊಟ್ಟವರು ವೈರಿನ ಉದ್ದ ಕೇಳಿದ್ದರೇ?

ವೈರಿನ ರೋಧ ಬಾಕ್ಸ್ ಓಮಿನ ನೂರಕ್ಕೆ 5 ದಾಟಬಾರದು. 4 ಓಮಿಗೆ ಅದು 0.2 ಓಮ್. ಅಂದರೆ 1.5 ಚದರ ಮಿಲಿಮೀಟರ್ ವೈರ್ 7 ಮೀಟರ್‌ವರೆಗೆ, 2.5 ಆದರೆ 12, 4 ಆದರೆ 20 ಮೀಟರ್‌ವರೆಗೆ. 8 ಓಮಿನ ಒಂದೇ ಬಾಕ್ಸ್ ಇದ್ದರೆ ಈ ದೂರಗಳೆಲ್ಲ ಇಮ್ಮಡಿ. ನಿಮ್ಮ 30 ಮೀಟರಿಗೆ 4 ಎಳೆದರೂ ಮಿತಿ ದಾಟುತ್ತದೆ. ಹಾಗಾಗಿ ಆಂಪ್ಲಿಫೈಯರನ್ನೇ ಸ್ಟೇಜಿನ ಬದಿಗೆ ಒಯ್ಯಿರಿ. ಮಿಕ್ಸರಿನಿಂದ ಅಲ್ಲಿಯವರೆಗೆ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಕೇಬಲ್ (ಮೈಕಿಗೆ ಬಳಸುವಂಥ ಸಿಗ್ನಲ್ ಕೇಬಲ್) 30 ಮೀಟರ್ ಹೋಗಲಿ, ಅದಕ್ಕೇನೂ ಆಗುವುದಿಲ್ಲ. ಅಲ್ಲಿಂದ ಬಾಕ್ಸ್‌ಗೆ 2.5ರ ವೈರ್ 10 ಮೀಟರ್ ಒಳಗೆ ಇರಲಿ. ಜಾಗ ಬದಲಿಸಲು ಆಗದಿದ್ದರೆ ಒಂದೊಂದು ಬಾಕ್ಸ್‌ಗೂ ಆಂಪ್ಲಿಫೈಯರಿನಿಂದಲೇ ಬೇರೆ ಬೇರೆ 4ರ ವೈರ್ ಎಳೆಯಿರಿ. ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಡಿ.

ಕೊಳ್ಳುವಾಗ ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ, ಅದು ಬರೀ ಪ್ಲಾಸ್ಟಿಕ್ ಇರಬಹುದು. ತಾಮ್ರದ ನೀರು ಹೊಡೆದ ಅಲ್ಯೂಮಿನಿಯಂ ಈಗ ಎಲ್ಲೆಲ್ಲೂ ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಅದರಲ್ಲಿ 4 ಕೊಂಡರೆ ತಾಮ್ರದ 2.5 ಕೊಂಡಂತೆ. ಮನೆ ವೈರಿಂಗಿನ ಗಡುಸು ವೈರೂ ಬೇಡ, ಸುತ್ತಿ ಬಿಚ್ಚಿ ಎಳೆ ಮುರಿಯುತ್ತದೆ. ಸಣ್ಣ ಎಳೆಗಳ, ಹೊರಕವಚವಿರುವ ಎರಡು ಕೋರಿನ ಫ್ಲೆಕ್ಸಿಬಲ್ ಕೇಬಲ್ ಕೇಳಿ, ಮೇಲೆ ಐಎಸ್ 694 ಮುದ್ರೆ ಇರಲಿ. ಸ್ಕ್ರೂ ಅಡಿ ಹೋಗುವ ತುದಿಗೆ ಬೆಸುಗೆ ಹಾಕಬೇಡಿ. ಸೀಸ ಒತ್ತಡಕ್ಕೆ ಜರಿದು ಸ್ಕ್ರೂ ಸಡಿಲಾಗುತ್ತದೆ. ಲಗ್ (ತುದಿಗೆ ಹಾಕುವ ಲೋಹದ ತೊಡಪು) ಒತ್ತಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಕಾದ ಶಹಾಬಾದ್ ಫರಸಿ ಮೇಲೆ ಕರಿ ವೈರ್ ಬಿದ್ದಿರುತ್ತದೆ. ತಾಮ್ರ 20 ಡಿಗ್ರಿಯಿಂದ 60ಕ್ಕೆ ಏರಿದರೆ ರೋಧ ನೂರಕ್ಕೆ 16ರಷ್ಟು ಹೆಚ್ಚುತ್ತದೆ. ಉಳಿದ ವೈರನ್ನು ಸುರುಳಿಯಾಗಿಯೇ ಬಿಟ್ಟರೆ ಒಳಸುತ್ತಿನ ಶಾಖ ಹೊರಗೆ ಹೋಗುವುದಿಲ್ಲ. ಬಿಚ್ಚಿ, ನೆರಳಲ್ಲಿ ಹಾಸಿ.

ಬಾಕ್ಸ್ ವೈರಿಗೆ ಮೂರು ಪಿನ್ನಿನ ಟಾಪ್ (ಪ್ಲಗ್) ಹಾಕಿದರೆ ಅಗ್ಗ ಅಲ್ಲವೇ? — ಹುಮನಾಬಾದ್

ದಯವಿಟ್ಟು ಇಂದೇ ಕತ್ತರಿಸಿ ತೆಗೆಯಿರಿ. ಕತ್ತಲಲ್ಲಿ ಯಾರೋ ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುತ್ತಾರೆ, 230 ವೋಲ್ಟ್ ನೇರ ಬಾಕ್ಸ್‌ಗೆ ಹೋಗಿ ಕಾಯಿಲ್ ಸುಡುತ್ತದೆ. ಇನ್ನೊಂದು ತುದಿಗೂ ಟಾಪ್ ಇದ್ದರೆ ಅದರ ಬಯಲು ಪಿನ್ನುಗಳಲ್ಲಿ ಕರೆಂಟ್ ಇರುತ್ತದೆ, ಮುಟ್ಟಿದವರ ಜೀವ ಹೋಗುತ್ತದೆ. ಸ್ಪೀಕರಿಗೆಂದೇ ಇರುವ ಸ್ಪೀಕಾನ್ ಕನೆಕ್ಟರ್ ಹಾಕಿ. ಇದರಲ್ಲಿ ರಾಜಿ ಇಲ್ಲ.

ಮೈಕ್ ಕೇಬಲ್ ಉಳಿದಿದೆ, ಬಾಕ್ಸ್‌ಗೆ ಬಳಸಬಹುದೇ? — ಯಾದಗಿರಿ

ಬೇಡ. ಕೋರ್ ತೀರಾ ಸಣ್ಣದು, ಕಾದು ಸುಟ್ಟುಹೋಗಬಹುದು.

ಆಕ್ಸಿಜನ್ ಇಲ್ಲದ ತಾಮ್ರ, ಚಿನ್ನದ ಲೇಪನ ಇದ್ದರೆ ಧ್ವನಿ ಸ್ವಚ್ಛವೇ? — ಬಸವಕಲ್ಯಾಣ

ಇಲ್ಲ. ಆ ಹಣಕ್ಕೆ ದಪ್ಪ ತಾಮ್ರ ಕೊಳ್ಳಿ.

ಎಡ-ಬಲ ವೈರ್ ಒಂದೇ ಉದ್ದ ಇರಲೇಬೇಕಂತೆ? — ಬೀದರ್

10 ಮೀಟರ್ ವ್ಯತ್ಯಾಸವಿದ್ದರೂ ಸಿಗ್ನಲ್ ತಡವಾಗುವುದು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ಯಾವ ಕಿವಿಗೂ ಗೊತ್ತಾಗದು.

ಗುಡಿಯ ನಾಲ್ಕು ಹಾರ್ನ್ ದೂರದೂರ ಇವೆ, ಅದಕ್ಕೂ ದಪ್ಪ ವೈರ್ ಬೇಕೇ? — ಚಿತ್ತಾಪುರ

ಹಾರ್ನಿನಲ್ಲಿ ಲೈನ್ ಟ್ರಾನ್ಸ್‌ಫಾರ್ಮರ್ ಇದ್ದು, ಆಂಪ್ಲಿಫೈಯರಿನ 100 ವೋಲ್ಟ್ ತುದಿಗೆ ಕೊಟ್ಟಿದ್ದರೆ ಬೇಡ. 100 ವ್ಯಾಟಿಗೆ ಹರಿಯುವುದು 1 ಆಂಪಿಯರ್ ಮಾತ್ರ, 1.5 ಸಾಕು. ಟ್ಯಾಪ್‌ಗಳ (ಪ್ರತಿ ಟ್ರಾನ್ಸ್‌ಫಾರ್ಮರಿನಲ್ಲಿ ಆರಿಸಿದ ತುದಿಗಳ) ವ್ಯಾಟ್ ಕೂಡಿಸಿದ್ದು ಆಂಪ್ಲಿಫೈಯರಿನ ವ್ಯಾಟ್ ಮೀರದಿರಲಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಬಾಕ್ಸನ್ನು ಆ ಲೈನಿಗೆ ಎಂದೂ ಕೊಡಬೇಡಿ.