ಪಹಣಿಯಲ್ಲಿ ಹಸುವಿಗೆ ಕಾಲಂ ಇಲ್ಲ

ಬರಗಾಲದಲ್ಲಿ ಹಸು, ಕುರಿ ಸಾಕುವವರಿಗೆ ಸರ್ಕಾರ ಒಂದೊಂದು ಪ್ರಾಣಿಗೆ ಎಷ್ಟು ಹಣ ಕೊಡುತ್ತದೆ, ಅದು ಗಡಿಯಲ್ಲಿರುವ ನಿಮ್ಮಂಥವರನ್ನು ಸರಿಯಾಗಿ ತಲುಪುತ್ತದೆಯೇ ಎಂದು ತಾವು ಕೇಳಿದ್ದೀರಿ. ಪ್ರಶ್ನೆ ನೇರವಾಗಿಯೇ ಇದೆ. ಆದರೆ ತಾವು ಮನಸ್ಸಿನಲ್ಲಿಟ್ಟುಕೊಂಡಿರುವ ಹಣವೇ ಇಲ್ಲವಾದ್ದರಿಂದ ಉತ್ತರವನ್ನು ಸ್ವಲ್ಪ ಸುತ್ತಿ ಹೇಳಬೇಕಾಗಿದೆ. ಬದುಕಿರುವ ಹಸುವಿನ ಲೆಕ್ಕದಲ್ಲಿ ರೈತನ ಖಾತೆಗೆ ಜಮೆಯಾಗುವ ಬರ ಪರಿಹಾರವನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ದುಡ್ಡು ಬರುವುದು ಒಣಗಿದ ಬೆಳೆಗೆ, ಅದೂ ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕಿನ ದಾಖಲೆಯಲ್ಲಿ, ಹೆಸರಿರುವವರಿಗೆ. ದನಕ್ಕೆ ಸಿಗುವುದು ಸಿಕ್ಕರೆ ಮೇವು, ನೀರು ಮತ್ತು ಲಸಿಕೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ತಾಲ್ಲೂಕಿನವನು. ಮನೆಯಲ್ಲಿ ಆಡುವುದು ತೆಲುಗು, ಓದಿದ್ದು ಕನ್ನಡ. ಬರಕ್ಕೆ ನಮ್ಮ ಅಜ್ಜಿ ಕೊನೆಯವರೆಗೂ ‘ಕರುವು’ ಎಂದೇ ಹೇಳುತ್ತಿದ್ದರು. ನಮ್ಮೂರಿನಿಂದ ಆಚೆ ಹೋದರೆ ಆಂಧ್ರದ ಚಿಲಮತ್ತೂರು ಮಂಡಲ ಸಿಗುತ್ತದೆ; 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಅದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಚಿತ್ರಾವತಿ ಎಂಬುದು ಮಳೆ ಬಂದಾಗ ನದಿ, ಉಳಿದಂತೆ ಮರಳು. ಆದ್ದರಿಂದ ಇಲ್ಲಿಯ ಕುಟುಂಬಗಳು ನಿಂತಿರುವುದು ರಾಗಿ, ಕಡಲೆಕಾಯಿಗಳಿಗಿಂತ ಹೆಚ್ಚಾಗಿ ಮನೆ ಮುಂದಿನ ಎರಡು ಸೀಮೆಹಸುಗಳ ಮೇಲೆ ಎಂದರೆ ಅತಿಶಯವಾಗದು.

2023ರ ಲೆಕ್ಕವನ್ನೇ ಹೇಳುತ್ತೇನೆ, ಅದು ನನಗೆ ಬಾಯಿಪಾಠವಾಗಿದೆ. ಆ ವರ್ಷ ಆಗಸ್ಟ್ ತಿಂಗಳಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಪಟ್ಟಿ ಬೆಳೆಯುತ್ತ ಹೋಗಿ 236 ತಾಲ್ಲೂಕುಗಳಲ್ಲಿ 223ನ್ನು ಒಳಗೊಂಡಿತು. ಮೊದಲ ಕಂತಾಗಿ ರೈತನೊಬ್ಬನಿಗೆ ಗರಿಷ್ಠ 2,000 ರೂಪಾಯಿ ಜಮೆಯಾಗತೊಡಗಿದ್ದು 2024ರ ಜನವರಿಯಲ್ಲಿ. ರಾಜ್ಯವು ಕೇಂದ್ರದಿಂದ ಕೇಳಿದ್ದು 18,171 ಕೋಟಿ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ನಮ್ಮ ಖಾತೆಗೆ ಉಳಿದ ಹಣ ಬಂದಾಗ ಮುಂದಿನ ಮುಂಗಾರಿಗೆ ಹೊಲ ಹಸನು ಮಾಡುವ ಕಾಲ ಬಂದಿತ್ತು.

ಮೊತ್ತ ನಿಗದಿಯಾಗುವುದು ವಿಪತ್ತು ಪರಿಹಾರ ನಿಧಿಯ ಮಾನದಂಡದಿಂದ. 2023ರಲ್ಲಿ ಜಾರಿಯಲ್ಲಿದ್ದ ಮಾನದಂಡದಂತೆ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಳೆಯನ್ನೇ ನಂಬಿದ ಖುಷ್ಕಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಎಷ್ಟೇ ಜಮೀನಿದ್ದರೂ ಎರಡು ಹೆಕ್ಟೇರಿಗೆ ಮಿತಿ. ನಮ್ಮದು ಎರಡೂವರೆ ಎಕರೆ ಖುಷ್ಕಿ, ಅಂದರೆ ಹೆಚ್ಚುಕಡಿಮೆ ಒಂದು ಹೆಕ್ಟೇರು. ಅದೇ ಮಾನದಂಡದಲ್ಲಿ, ಗೋಶಾಲೆಗೆ ಬಂದ ದೊಡ್ಡ ಪ್ರಾಣಿಯ ಮೇವಿಗೆ ದಿನಕ್ಕೆ 80 ರೂಪಾಯಿ, ಕುರಿ ಮೇಕೆಗಳಂಥ ಸಣ್ಣ ಪ್ರಾಣಿಗೆ 45 ರೂಪಾಯಿ ಎಂದಿತ್ತು. ಸರ್ಕಾರದ ಈ ದರದಲ್ಲೇ ನಮ್ಮ ಎರಡು ಹಸುಗಳನ್ನು ಮೇಯಿಸಲು ಹೊರಟರೆ 8,500 ರೂಪಾಯಿ 53 ದಿನಕ್ಕೆ ಮುಗಿಯುತ್ತದೆ. ಬರ ಇದ್ದದ್ದು ಹತ್ತು ತಿಂಗಳು.

ಆ ಹಣವಾದರೂ ಎಲ್ಲರಿಗೂ ಬರುವುದಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರೂ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಒಂದಕ್ಕೊಂದು ಜೋಡಣೆಯಾಗಿ, ರೈತನಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಸಿಕ್ಕಿರಬೇಕು. ಗಡಿಯ ಹೆಸರುಗಳು ಇಲ್ಲಿ ತೊಡಕಾಗುತ್ತವೆ. ವೆಂಕಟರವಣಪ್ಪ ಎಂಬ ಹೆಸರು ಪಹಣಿಯಲ್ಲಿ ವೆಂಕಟರಮಣಪ್ಪ ಎಂದೂ, ಆಧಾರ್‌ನಲ್ಲಿ ಯಾವನೋ ಬೆರಳಚ್ಚು ಮಾಡಿದ ಇನ್ನೊಂದು ರೂಪದಲ್ಲಿಯೂ, ಪಾಸ್‌ಬುಕ್ಕಿನಲ್ಲಿ ಮತ್ತೊಂದು ರೂಪದಲ್ಲಿಯೂ ಇರುತ್ತದೆ; ಮನುಷ್ಯ ಒಬ್ಬನೇ ಆದರೂ ಕಂಪ್ಯೂಟರಿಗೆ ಮೂವರು. ನಮ್ಮ ಚಿಕ್ಕಪ್ಪನವರ ಸಮಸ್ಯೆ ಬೇರೆ. ಅವರ ಜಮೀನಿನ ಪಹಣಿ ಇವತ್ತಿಗೂ ತೀರಿಹೋದ ತಾತನ ಹೆಸರಿನಲ್ಲಿದೆ. ಅದನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಗೆ ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಬಂದು ರುಜು ಹಾಕಬೇಕು, ಒಬ್ಬರು ಹಿಂದೂಪುರದಲ್ಲಿದ್ದಾರೆ, ಇನ್ನೊಬ್ಬರು ಮಾತು ಬಿಟ್ಟಿದ್ದಾರೆ. ಹೀಗಾಗಿ ಅವರಿಗೆ 2,000 ರೂಪಾಯಿಯೂ ಬರಲಿಲ್ಲ. ಹಣ ಬಂದ ಪಕ್ಕದ ಮನೆಯವರೊಬ್ಬರ ಖಾತೆಯಿಂದ ಬ್ಯಾಂಕಿನವರು ಅದನ್ನು ಹಳೆಯ ಸಾಲಕ್ಕೆ ಮುರಿದುಕೊಂಡಿದ್ದರು. ಹಾಗೆ ಮುರಿದುಕೊಳ್ಳಬಾರದೆಂದು ಸರ್ಕಾರ ಸೂಚನೆ ಕೊಟ್ಟಿದೆ ಎಂದು ವಾದಿಸಿ ಅವರು ಮೂರು ಸಲ ಬಾಗೇಪಲ್ಲಿಗೆ ಹೋಗಿ ಬರಬೇಕಾಯಿತು.

ಕುರಿ ಸಾಕುವವರ ಸ್ಥಿತಿ ಇದಕ್ಕಿಂತ ಕಠಿಣ. ಐವತ್ತು ಅರವತ್ತು ಕುರಿಗಳ ಮಂದೆ ಇಟ್ಟುಕೊಂಡವರಲ್ಲಿ ಅನೇಕರಿಗೆ ಸ್ವಂತ ಜಮೀನೇ ಇರುವುದಿಲ್ಲ, ಅಥವಾ ಇರುವುದು ಬಗರ್ ಹುಕುಂ, ಅಂದರೆ ಹಕ್ಕುಪತ್ರವಿಲ್ಲದೆ ಉಳುವ ಸರ್ಕಾರಿ ನೆಲದ ತುಂಡು. ಪಹಣಿ ಇಲ್ಲದವರಿಗೆ ಬೆಳೆ ಪರಿಹಾರವಿಲ್ಲ. ಬೀಳು ಬಿಟ್ಟ ನೆಲಕ್ಕೂ ಇಲ್ಲ. ಕುರಿಗೆ ಹೊಟ್ಟೆ ತುಂಬಿಸುವುದು ಬೀಳು ಮತ್ತು ಗೋಮಾಳ ಎಂಬುದನ್ನು ಮಾತ್ರ ಯಾವ ನಮೂನೆಯಲ್ಲಿಯೂ ಬರೆಯಲು ಜಾಗವಿಲ್ಲ. ಭೂ ಕಂದಾಯ ನಿಯಮದ ಪ್ರಕಾರ ನೂರು ದನಗಳಿಗೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಮ್ಮೂರ ಗೋಮಾಳದಲ್ಲಿ ಈಗ ಆಶ್ರಯ ಮನೆಗಳಿವೆ, ಒಂದು ಶಾಲೆಯಿದೆ, ಉಳಿದದ್ದರಲ್ಲಿ ನೀಲಗಿರಿ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದಾಗ ಜಮೀನಿನ ಒಡೆಯರಿಗೆ ಬರದಲ್ಲಿಯೂ ತಪ್ಪದ ಆದಾಯ ಸಿಕ್ಕಿತು. ಅದೇ ಹೊಲಗಳ ಕೂಳೆ ಮೇಯಿಸುತ್ತಿದ್ದ ಕುರಿಗಾಹಿಗೆ ಬೇಲಿ ಸಿಕ್ಕಿತು.

ಇನ್ನು ಗೋಶಾಲೆಯ ಮಾತು. ಬರ ಬಂದಾಗ ಹೋಬಳಿಗೊಂದು ಗೋಶಾಲೆ, ಮೇವು ಬ್ಯಾಂಕ್ ತೆರೆಯುತ್ತೇವೆ ಎಂಬ ಹೇಳಿಕೆಯನ್ನು ತಾವು ಪತ್ರಿಕೆಯಲ್ಲಿ ಓದಿರುತ್ತೀರಿ. ಅದು ಕೆಟ್ಟ ಯೋಜನೆಯೇನೂ ಅಲ್ಲ. ನಾಟಿ ಹಸು, ಎತ್ತು ಇರುವ ಕಡೆಗಳಲ್ಲಿ ಮಾಲೀಕರೇ ಜೊತೆಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇದ್ದು ದನ ಉಳಿಸಿಕೊಂಡದ್ದುಂಟು. ಆದರೆ ಕೋಲಾರ, ಚಿಕ್ಕಬಳ್ಳಾಪುರಗಳ ಬದುಕು ಡೇರಿಯ ಗಂಟೆಗೆ ಕಟ್ಟುಬಿದ್ದಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹಾಲು ಊರಿನ ಡೇರಿಗೆ ಹೋಗಲೇಬೇಕು. ಹದಿನೈದು ಕಿಲೋಮೀಟರ್ ದೂರದ ಗೋಶಾಲೆಗೆ ಸೀಮೆಹಸುವನ್ನು ಯಾರು ನಡೆಸಿಕೊಂಡು ಹೋಗುತ್ತಾರೆ? ಹೋದರೂ ಅಲ್ಲಿ ಕರೆದ ಹಾಲನ್ನು ಎಲ್ಲಿಗೆ ಹಾಕುವುದು? ಆದ್ದರಿಂದ ನಮ್ಮವರು ಗೋಶಾಲೆಗಿಂತ ಮೇವು ಬ್ಯಾಂಕನ್ನು ಕೇಳುತ್ತಾರೆ, ಅದಕ್ಕಿಂತಲೂ ಹೆಚ್ಚಾಗಿ ಮೇವನ್ನು ಡೇರಿಯ ಬಾಗಿಲಿಗೇ ತಂದುಕೊಡಿ ಎಂದು ಕೇಳುತ್ತಾರೆ. ಪಶು ಆಸ್ಪತ್ರೆಯಲ್ಲಿ ಮೇವಿನ ಬೀಜದ ಮಿನಿ ಕಿಟ್ ಉಚಿತವಾಗಿ ಸಿಗುತ್ತದೆ, ಆದರೆ ಅದು ನೀರಿನ ಸೌಲಭ್ಯ ಇರುವವರಿಗೆ. ಸಾವಿರದಿನ್ನೂರು ಅಡಿ ಕೊರೆದರೂ ಧೂಳು ಬಂದ ಬೋರ್‌ವೆಲ್ ಪಕ್ಕದಲ್ಲಿ ಆ ಪೊಟ್ಟಣ ಹಿಡಿದು ನಿಂತವರನ್ನೂ ನಾನು ನೋಡಿದ್ದೇನೆ.

ಹಾಗಾದರೆ ಜನ ಬರವನ್ನು ದಾಟುವುದು ಯಾವ ದುಡ್ಡಿನಿಂದ ಎಂದರೆ, ಹಾಲಿನ ಬಟವಾಡೆಯಿಂದ. ಹಾಲು ಒಕ್ಕೂಟ ಕೊಡುವ ದರದ ಮೇಲೆ ಸರ್ಕಾರ ಲೀಟರಿಗಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತದೆ. 2008ರಲ್ಲಿ 2 ರೂಪಾಯಿಯಿಂದ ಶುರುವಾದದ್ದು 2023ರ ಬರದ ಹೊತ್ತಿಗೆ 5 ರೂಪಾಯಿಗೆ ಬಂದಿತ್ತು. ಇದು ಬರ ಪರಿಹಾರವಲ್ಲ, ಮಳೆ ಬಂದ ವರ್ಷವೂ ಕೊಡುವಂಥದ್ದು, ಮತ್ತು ತಿಂಗಳುಗಟ್ಟಲೆ ಬಾಕಿ ಉಳಿಯುವಂಥದ್ದು. ಆದರೂ ನಿಜವಾಗಿ ಬದುಕಿರುವ ಹಸುವಿನ ಲೆಕ್ಕದಲ್ಲಿ ಬರುವ ಸರ್ಕಾರಿ ಹಣವೆಂದರೆ ಇದೊಂದೇ, ಮತ್ತು ಜಮೀನಿಲ್ಲದವರಿಗೂ ಬರುವುದು ಇದೊಂದೇ. ಇದರಲ್ಲೊಂದು ವಿಪರ್ಯಾಸವಿದೆ. ಹಸಿ ಮೇವು ತಪ್ಪಿ ಬರೀ ರಾಗಿಹುಲ್ಲು ತಿಂದ ಹಸು ಕೊಡುವ ಹಾಲು ಕಡಿಮೆಯಾಗುತ್ತದೆ, ಅದರ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಇಳಿಯುತ್ತದೆ, ಎಸ್‌ಎನ್‌ಎಫ್ ಇಳಿದರೆ ಡೇರಿಯಲ್ಲಿ ದರವೂ ಇಳಿಯುತ್ತದೆ. ಬೂಸಾ, ಹಿಂಡಿಯ ಬೆಲೆ ಏರುವುದೂ ಅದೇ ತಿಂಗಳುಗಳಲ್ಲಿ.

ಗಡಿಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕ ಬರ ಘೋಷಿಸುವುದು ತಾಲ್ಲೂಕುವಾರು, ಆಂಧ್ರ ಘೋಷಿಸುವುದು ಮಂಡಲವಾರು. ಮೋಡಕ್ಕೆ ಇದು ತಿಳಿಯದು. ಒಂದೇ ಗುಡ್ಡದ ಈಚೆಯವರು ಬರಪೀಡಿತರು, ಆಚೆಯವರು ಅಲ್ಲ ಎಂದಾಗುವುದುಂಟು. ಮನೆ ಈಚೆ, ಹೊಲ ಆಚೆ ಇರುವವರಿಗೆ ಇಲ್ಲಿಯ ಪಹಣಿ ಇಲ್ಲ, ಅಲ್ಲಿಯ ಪಟ್ಟಾದಾರ್ ಪಾಸ್‌ಬುಕ್ ಇದ್ದರೂ ಇಲ್ಲಿಯ ಕಚೇರಿಗೆ ಅದು ಬರೀ ಕಾಗದ. ಬರ ಬಿದ್ದಾಗ ಮೇವು ಹೊರರಾಜ್ಯಕ್ಕೆ ಹೋಗದಂತೆ ಜಿಲ್ಲಾಡಳಿತ ತಡೆಯುತ್ತದೆ. ಕಾಗದದ ಮೇಲೆ ಅದು ನಮ್ಮ ಹಿತಕ್ಕೇ. ನನ್ನ ಸೋದರಮಾವನ ಮನೆ ಚಿಲಮತ್ತೂರಿನ ಕಡೆ. ಒಳ್ಳೆಯ ವರ್ಷದಲ್ಲಿ ನಮ್ಮ ರಾಗಿಹುಲ್ಲು ಅವರಿಗೆ ಹೋಗುತ್ತದೆ, ಕೆಟ್ಟ ವರ್ಷದಲ್ಲಿ ಅವರ ಕಡಲೆಬಳ್ಳಿ ನಮಗೆ ಬರುತ್ತದೆ. ತಲೆಮಾರುಗಳಿಂದ ನಡೆದ ಈ ಕೊಡುಕೊಳ್ಳುವಿಕೆ ಚೆಕ್‌ಪೋಸ್ಟಿನಲ್ಲಿ ಒಂದು ಟ್ರ್ಯಾಕ್ಟರ್ ಅಕ್ರಮ ಸಾಗಣೆಯಾಗಿ ಕಾಣುತ್ತದೆ.

ಸತ್ತ ಪ್ರಾಣಿಗೆ ದರ ಇದೆ ಎಂಬುದನ್ನು ಹೇಳದಿದ್ದರೆ ಉತ್ತರ ಪೂರ್ತಿಯಾಗದು. ಮೇಲೆ ಹೇಳಿದ ಮಾನದಂಡದಲ್ಲೇ, ವಿಪತ್ತಿನಲ್ಲಿ ಸತ್ತ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000 ರೂಪಾಯಿ. ಒಂದು ಕುಟುಂಬಕ್ಕೆ ಹಾಲಿನ ದೊಡ್ಡ ಪ್ರಾಣಿ ಮೂರರವರೆಗೆ, ಕುರಿ ಮೇಕೆ ಮೂವತ್ತರವರೆಗೆ. ಸಿಡಿಲಿಗೋ ನೆರೆಗೋ ಸತ್ತರೆ ಕಾರಣ ಕಣ್ಣಿಗೆ ಕಾಣುತ್ತದೆ. ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ಸೊರಗಿ ಸತ್ತ ಹಸುವಿನ ಮರಣೋತ್ತರ ವರದಿಯಲ್ಲಿ ‘ಬರ’ ಎಂದು ಬರೆದದ್ದನ್ನು ನಾನಂತೂ ನೋಡಿಲ್ಲ, ಕಾಯಿಲೆಯ ಹೆಸರೇ ಇರುತ್ತದೆ. ಅಷ್ಟಕ್ಕೂ ನಮ್ಮಲ್ಲಿ ಹಸು ಸಾಯುವವರೆಗೆ ಯಾರೂ ಕಾಯುವುದಿಲ್ಲ. ಅದಕ್ಕೆ ಮೊದಲೇ ಸಂತೆಗೆ ಹೊಡೆಯುತ್ತಾರೆ, ಎಲ್ಲರೂ ಒಟ್ಟಿಗೇ ಹೊಡೆಯುವುದರಿಂದ ಅರ್ಧ ಬೆಲೆಗೆ ಮಾರುತ್ತಾರೆ. ಆ ಅರ್ಧದ ನಷ್ಟಕ್ಕೆ ಯಾವ ಮಾನದಂಡದಲ್ಲಿಯೂ ಹೆಸರಿಲ್ಲ. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಓಲೆ ಇದೆ, ಅದು ಯಾರ ಮನೆಯದು ಎಂಬುದು ಇಲಾಖೆಗೆ ಗೊತ್ತು. ಆ ಸಂಖ್ಯೆಯನ್ನು ಹಿಡಿದು ಅಕ್ಟೋಬರ್‌ನಲ್ಲೇ ಮೇವಿನ ಹಣ ಹಾಕಬಹುದಲ್ಲ ಎಂದು ಡೇರಿಯ ಕಟ್ಟೆಯ ಮೇಲೆ ನಾವು ಮಾತಾಡಿಕೊಳ್ಳುತ್ತೇವೆ.

ಚಿಕ್ಕಪ್ಪ ಆ ವರ್ಷ ಡಿಸೆಂಬರ್‌ನಲ್ಲಿ ಎರಡರಲ್ಲಿ ಒಂದು ಹಸುವನ್ನು ಮಾರಿದರು, ಇನ್ನೊಂದಕ್ಕೆ ನಮ್ಮ ವಾಮಿಯಿಂದ ಹುಲ್ಲು ಹೋಯಿತು. ಹುಲ್ಲಿನ ಬಣವೆಯನ್ನು ನಮ್ಮ ಕಡೆ ವಾಮಿ ಎನ್ನುತ್ತೇವೆ. ಪೌತಿ ಖಾತೆಯ ಅರ್ಜಿ ಈಗ ನಾಡಕಚೇರಿಯಲ್ಲಿದೆ. ಹಿಂದೂಪುರದ ದೊಡ್ಡಪ್ಪ ಬಂದು ರುಜು ಹಾಕಿ ಹೋಗಿದ್ದಾರೆ, ಮಾತು ಬಿಟ್ಟವರದ್ದೊಂದು ಬಾಕಿ ಇದೆ.