ಹೊಸ ಯಂತ್ರದ ತಟ್ಟೆ ನಿಜಕ್ಕೂ ದಪ್ಪವೇ?

ಪ್ರಶ್ನೆ: ನಮ್ಮದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ. ಹಳೆಯ ಯಂತ್ರದ 10 ತಟ್ಟೆಗಳ ಸರಾಸರಿ ದಪ್ಪ 2.3 ಮಿ.ಮೀ., ಹೊಸ ಯಂತ್ರದ 10 ತಟ್ಟೆಗಳದ್ದು 2.5 ಮಿ.ಮೀ.; ಮಾನಕ ವಿಚಲನೆ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಎರಡರಲ್ಲೂ 0.4. ಒಂದೇ ತಟ್ಟೆಯನ್ನು ಹತ್ತು ಸಲ ಅಳೆದಾಗಲೂ 0.2ರಷ್ಟು ವಿಚಲನೆ ಬರುತ್ತದೆ. ಹೊಸ ಯಂತ್ರಕ್ಕೆ ಹಾಕಿದ್ದು ಈ ವಾರ ತಂದ ಹಾಳೆ. ವ್ಯತ್ಯಾಸವನ್ನು ನಂಬಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಷ್ಟರಿಂದ ನಂಬಲಾಗದು. ನೀವು ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ, ನಿಜವಾದ ವ್ಯತ್ಯಾಸವು ಶೇ. 95ರ ವಿಶ್ವಾಸದಲ್ಲಿ −0.18ರಿಂದ +0.58 ಮಿ.ಮೀ.ವರೆಗೆ ಎಲ್ಲಿಯಾದರೂ ಇರಬಹುದು. ಅಂದರೆ ಹಳೆಯ ಯಂತ್ರದ ತಟ್ಟೆಯೇ ತುಸು ದಪ್ಪವಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ನಾನು ಬಳಸಿದ್ದು ಟಿ-ಪರೀಕ್ಷೆ, ಅಂದರೆ ಕೆಲವೇ ಅಳತೆಗಳಿದ್ದಾಗ ಸರಾಸರಿಗಳನ್ನು ಹೋಲಿಸುವ ವಿಧಾನ. ಅದನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ. ಅವರ ಮುಂದಿದ್ದುದೂ ನಿಮ್ಮಂತೆಯೇ ಕೆಲವೇ ಅಳತೆಗಳು.

ಅಳತೆಯ ದೋಷದ ಬಗ್ಗೆ ನಿಮಗಿರುವ ಆತಂಕ ಸಹಜವಾದರೂ ಇಲ್ಲಿ ಅದು ಮುಖ್ಯ ಕಾರಣವಲ್ಲ. ಒಟ್ಟು 0.4ರಿಂದ ಅಳತೆಯ 0.2 ಅನ್ನು ಬೇರ್ಪಡಿಸಲು ವಿಚಲನೆಗಳನ್ನು ನೇರವಾಗಿ ಕಳೆಯಬಾರದು, ಅವುಗಳ ವರ್ಗಗಳನ್ನು ಕಳೆಯಬೇಕು: 0.16ರಲ್ಲಿ 0.04 ಕಳೆದರೆ 0.12 ಉಳಿಯುತ್ತದೆ, ಅದರ ವರ್ಗಮೂಲ ಸುಮಾರು 0.35. ಇದು ತಟ್ಟೆ ತಟ್ಟೆಗೂ ಇರುವ ನಿಜವಾದ ಏರಿಳಿತ. ಆದ್ದರಿಂದ ಪ್ರತಿ ತಟ್ಟೆಯನ್ನು ನಾಲ್ಕು ಸಲ ಅಳೆದು ಸರಾಸರಿ ತೆಗೆದರೂ 0.4 ಎಂಬುದು 0.36ಕ್ಕೆ ಇಳಿಯುತ್ತದೆ, ಅಷ್ಟೆ. ಒಂದು ತಟ್ಟೆಯ ಹತ್ತು ಅಳತೆಗಳು ಹತ್ತು ತಟ್ಟೆಗಳಿಗೆ ಸಮವಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ನಾನು ನೋಡಿದ ಹೆಚ್ಚಿನ ತಪ್ಪು ಹೋಲಿಕೆಗಳು ಹುಟ್ಟುವುದು ಇಲ್ಲಿಯೇ. 0.2 ಮಿ.ಮೀ. ವ್ಯತ್ಯಾಸ ನಿಜವಾಗಿದ್ದರೆ ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಗುರುತಿಸಲು ಪ್ರತಿ ಯಂತ್ರದಿಂದ ಸುಮಾರು 64 ತಟ್ಟೆಗಳು ಬೇಕಾಗುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಹಾಳೆಯದು. ಹಳೆಯ ದಾಸ್ತಾನು ಒಂದಕ್ಕೆ, ಹೊಸದು ಇನ್ನೊಂದಕ್ಕೆ ಹೋದಾಗ ವ್ಯತ್ಯಾಸ ಯಂತ್ರದ್ದೋ ಹಾಳೆಯದ್ದೋ ಎಂದು ಯಾವ ಸೂತ್ರವೂ ಬೇರ್ಪಡಿಸಲಾರದು, ತಟ್ಟೆಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ. ನಮ್ಮ ಮಳೆಗಾಲದಲ್ಲಿ ಹಾಳೆ ಹೀರುವ ತೇವವೂ ದಿನದಿಂದ ದಿನಕ್ಕೆ ಬೇರೆ. ಎರಡು ತಟ್ಟೆ ಬರುವಷ್ಟು ದೊಡ್ಡ ಹಾಳೆಗಳನ್ನು ಆರಿಸಿ, ಒಂದು ತುಂಡನ್ನು ಹಳೆಯ ಯಂತ್ರಕ್ಕೂ ಇನ್ನೊಂದನ್ನು ಹೊಸದಕ್ಕೂ ಅದೇ ದಿನ ಹಾಕಿ; ಬುಡದ ತುಂಡು ಯಾವುದಕ್ಕೆಂದು ಪ್ರತಿ ಸಲ ನಾಣ್ಯ ಚಿಮ್ಮಿ ನಿರ್ಧರಿಸಿ. ಅಳೆಯುವವರಿಗೆ ಯಾವ ತಟ್ಟೆ ಯಾವ ಯಂತ್ರದ್ದೆಂದು ತಿಳಿಯದಿರಲಿ. ಬಳಿಕ ಪ್ರತಿ ಜೋಡಿಯ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು ಪರೀಕ್ಷಿಸಿ. ಹಾಳೆಯಿಂದ ಹಾಳೆಗಿರುವ ಏರಿಳಿತ ಆ ಕಳೆಯುವಿಕೆಯಲ್ಲೇ ಹೋಗುವುದರಿಂದ, 64ಕ್ಕಿಂತ ಕಡಿಮೆ ಜೋಡಿಗಳೇ ಸಾಕಾಗಬಹುದು. ಮೊದಲು 15 ಜೋಡಿ ಮಾಡಿ ಆ ವ್ಯತ್ಯಾಸಗಳ ವಿಚಲನೆಯನ್ನು ಬರೆದು ಕಳಿಸಿದರೆ, ಇನ್ನೆಷ್ಟು ಬೇಕೆಂದು ತಿಳಿಸುತ್ತೇನೆ.