ನಿಮ್ಮ ಲೇಖನದಲ್ಲಿ ಧಣಿ ಎಲ್ಲಿದ್ದಾನೆ?

ಹಾವೇರಿಯ ಗೆಳೆಯರಿಗೆ, ಧಾರವಾಡದಿಂದ ನಮಸ್ಕಾರ.

ನೀವು ಕಳಿಸಿದ ‘ಗಂಡಸಿನ ಬೆವರು’ ಲೇಖನ ಓದಿದೆ. ಈಗಿರುವ ಸ್ಥಿತಿಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಕಾರಣ ಬಿಚ್ಚಿ ಹೇಳುತ್ತೇನೆ, ಸಿಟ್ಟಾದರೂ ಪೂರ್ತಿ ಓದಿ.

ನಿಮ್ಮ ವಾದ ಇಷ್ಟು: ಪಿರಮಿಡ್ಡಿನಿಂದ ಹುಬ್ಬಳ್ಳಿಯ ಗಿರಣಿವರೆಗೂ ಸವೆದದ್ದು ಗಂಡಸಿನ ಮೈ, ಹೆಂಗಸು ನೆರಳಲ್ಲಿ ಕೂತು ಉಂಡಳು, ಸ್ತ್ರೀವಾದಿಗಳು ಇದನ್ನು ಮುಚ್ಚಿಟ್ಟರು. ಬಡ ಗಂಡಸಿನ ಮೈಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ನಿಮ್ಮ ಸಂಕಟ ಸುಳ್ಳಲ್ಲ. ಆದರೆ ಇಪ್ಪತ್ತು ಪುಟದಲ್ಲಿ ಧಣಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಗಿರಣಿ ಮಾಲೀಕನೂ ಗಂಡಸೇ ಅಲ್ಲವೆ? ಅವನನ್ನು ಎಲ್ಲಿ ಬಚ್ಚಿಟ್ಟಿರಿ?

ಪಿರಮಿಡ್ಡಿನ ನಾಲ್ಕು ಪುಟ ಹೊಡೆದುಹಾಕಿದ್ದೇನೆ. ಚಾವಟಿ ಏಟಿನ ಗುಲಾಮರು ಎಂಬುದು ಸಿನಿಮಾದ ಮಾತು. 1990ರಲ್ಲಿ ಗೀಜಾದಲ್ಲಿ ಅದನ್ನು ಕಟ್ಟಿದವರ ಗೋರಿಗಳೇ ಸಿಕ್ಕಿವೆ. ಗುಲಾಮರಿಗೆ ರಾಜನ ಮಗ್ಗುಲಲ್ಲಿ ಯಾರು ಗೋರಿ ಕಟ್ಟುತ್ತಾರೆ?

ಬೇಸರವೆಂದರೆ, ನಿಮ್ಮ ಪರವಾಗಿ ಸಾಕ್ಷಿ ಹೇಳುವ ಸಂಗತಿಗಳನ್ನೇ ನೀವು ಹುಡುಕಿಲ್ಲ. ನಮ್ಮ ದೇಶದ 1881ರ ಕಾರ್ಖಾನೆ ಕಾಯ್ದೆ ದುಡಿಮೆಯ ತಾಸಿನ ಮಿತಿ ಹಾಕಿದ್ದು ಮಕ್ಕಳಿಗಷ್ಟೇ. 1891ರಲ್ಲಿ ಹೆಂಗಸರಿಗೆ ದಿನಕ್ಕೆ 11 ತಾಸಿನ ಮಿತಿ ಬಂತು. ವಯಸ್ಕ ಗಂಡಸಿಗೆ ಏನೂ ಇಲ್ಲ. ಅವನಿಗೆ 12 ತಾಸು ಎಂದು ಗೊತ್ತುಮಾಡಿದ್ದು 1911ರಲ್ಲಿ, ಅದೂ ಬಟ್ಟೆ ಗಿರಣಿಗಳಲ್ಲಿ ಮಾತ್ರ. ಇಂಗ್ಲೆಂಡಿನಲ್ಲಿ ಕಡ್ಡಾಯ ಸೇನಾಭರ್ತಿ ಬಂದದ್ದು 1916ರಲ್ಲಿ, ಆಸ್ತಿ ನೋಡದೆ ಎಲ್ಲ ವಯಸ್ಕ ಗಂಡಸರಿಗೂ ಮತ ಬಂದದ್ದು 1918ರಲ್ಲಿ. ನಡುವಿನ ಎರಡು ವರ್ಷ ಮೊದಲ ಮಹಾಯುದ್ಧದ ಕಂದಕದಲ್ಲಿ ಸತ್ತ ಎಷ್ಟೋ ಕೂಲಿಕಾರರಿಗೆ ಮತವೇ ಇರಲಿಲ್ಲ. ಇಂಥ ಸಂಗತಿ ಬಿಟ್ಟು ನೀವು ‘ಹೆಣ್ಣು ಕೂತಲ್ಲೇ ಮತ ಪಡೆದಳು’ ಎಂದು ಬರೆದಿರಿ! 1918ರಲ್ಲಿ ಅಲ್ಲಿ ಮತ ಸಿಕ್ಕಿದ್ದು 30 ದಾಟಿದ, ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ. ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದ ಎಷ್ಟೋ ಹುಡುಗಿಯರು 1928ರವರೆಗೆ ಕಾಯಬೇಕಾಯಿತು.

ಕಾನೂನು ಹೆಣ್ಣನ್ನು ಕಾಪಾಡಿತು, ಗಂಡನ್ನು ಕೈಬಿಟ್ಟಿತು ಎನ್ನುತ್ತೀರಿ. ನಮ್ಮ ದೇಶದ ಗಣಿಗಳಲ್ಲಿ ಹೆಂಗಸರು ಭೂಮಿಯೊಳಗೆ ಇಳಿಯುವುದನ್ನು 1937ರಲ್ಲಿ ಪೂರ್ತಿ ನಿಲ್ಲಿಸಿದರು. 1943ರಲ್ಲಿ ಯುದ್ಧಕ್ಕೆ ಕಲ್ಲಿದ್ದಲು ಸಾಲದಾಯಿತು, ಅದೇ ಸರಕಾರ ನಿಷೇಧ ಸಡಿಲಿಸಿ ಅವರನ್ನು ಮತ್ತೆ ಕೆಳಗಿಳಿಸಿತು. 1946ರಲ್ಲಿ ಮತ್ತೆ ನಿಷೇಧ. ಕರುಣೆ ಇಷ್ಟು ಬೇಗ ಬಂದು ಹೋಗುತ್ತದೆಯೆ? ಧಣಿಗೆ ಯಾವಾಗ ಯಾರ ಮೈ ಬೇಕು ಎಂಬ ಲೆಕ್ಕ ಅದು.

ಇನ್ನು ಹದಿನಾಲ್ಕನೆಯ ಪುಟ. ನಿಮ್ಮ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿ ನಡು ಮುರಿದುಕೊಂಡದ್ದನ್ನು ಅಲ್ಲಿ ಚೆನ್ನಾಗಿ ಬರೆದಿದ್ದೀರಿ. ಬೆನ್ನಿಗೇ ಈ ಸಾಲು: ‘ಅವ್ವ ಮನೆಯಲ್ಲೇ ಇದ್ದಳು, ಹೊತ್ತು ಹೋಗಲಿ ಅಂತ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುತ್ತಿದ್ದಳು.’ ಹೊತ್ತು ಹೋಗಲಿ ಅಂತ? ಆ ಘಾಟಿನಲ್ಲಿ, ಉರಿಯುವ ಕೈಯಲ್ಲಿ ಯಾರಾದರೂ ಹೊತ್ತು ಕಳೆಯುತ್ತಾರೆಯೆ? ಕಿಲೋಕ್ಕೆ ಇಷ್ಟು ಎಂದು ಆಕೆಗೆ ಕೂಲಿ ಬರುತ್ತಿತ್ತಲ್ಲ, ಅದು ಯಾವ ದಲಾಲಿ ಅಂಗಡಿಯಿಂದ ಬಂತು? ಅಪ್ಪನ ಹಮಾಲಿ ಯಾವ ಅಂಗಡಿಯಿಂದ? ಒಂದೇ ಗಲ್ಲಾಪೆಟ್ಟಿಗೆಯಿಂದ ಇದ್ದೀತು, ವಿಚಾರಿಸಿ. ಚೀಲ ಹೊರುವುದು ಗಂಡಸಿಗೆ, ತುಂಬು ಬಿಡಿಸುವುದು ಹೆಂಗಸಿಗೆ ಎಂದು ಕೆಲಸವನ್ನೇ ಹಂಚಿಬಿಟ್ಟ ಮೇಲೆ, ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದ 1976ರ ಸಮಾನ ವೇತನ ಕಾಯ್ದೆಗೆ ಅಲ್ಲಿ ಮಾಡಲು ಕೆಲಸವೇ ಉಳಿಯಲಿಲ್ಲ.

ಗದಗಕ್ಕೆ ಹೋದರೆ ಬೆಟಗೇರಿಯಲ್ಲಿ ಇಳಿದು ಮಗ್ಗದ ಮನೆ ನೋಡಿ. ಕೂಲಿ ಬರುವುದು ಸೀರೆಯ ಲೆಕ್ಕದಲ್ಲಿ, ನೇಯುವವನ ಹೆಸರಿಗೆ. ಹೆಂಡತಿ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತಿಕೊಡದಿದ್ದರೆ ಲಾಳಿ ಓಡುವುದಿಲ್ಲ, ಆದರೆ ಅದಕ್ಕೆ ಬೇರೆ ಪಗಾರ ಇಲ್ಲ. ನೂಲು ಕೊಟ್ಟ ಸಾಹುಕಾರನಿಗೆ ಒಬ್ಬನ ಕೂಲಿಯಲ್ಲಿ ಇಬ್ಬರ ದುಡಿಮೆ. ನೇಕಾರ ಲೂಟಿಯಾದದ್ದು ಇಲ್ಲಿ, ಹೆಂಡತಿ ಲೂಟಿಯಾದದ್ದೂ ಇಲ್ಲೇ. ಆಕೆಯನ್ನು ಲೆಕ್ಕದಿಂದ ಬಿಟ್ಟರೆ ಅವನಿಗಾದ ಮೋಸದ ಅರ್ಧ ಪಾಲೂ ಮರೆಯಾಗುತ್ತದೆ. ಹಾಗೆಂದು ಮನೆಯಲ್ಲಿ ಅವನು ಆಕೆಯ ಮೇಲೆ ನಡೆಸಿದ ಯಜಮಾನಿಕೆಯನ್ನೂ ಬಿಡಬೇಡಿ. ಹೊರಗೆ ಒದೆ ತಿಂದವನು ಒಳಗೆ ಒದ್ದ ಸಂಗತಿ ಅಪ್ಪನ ಬಗ್ಗೆ ಬರೆಯುವಾಗ ಕಷ್ಟವೇ.

‘ಇತಿಹಾಸದುದ್ದಕ್ಕೂ’ ಎಂಬಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ಇಸವಿ ಹಾಕಿ ಇಲ್ಲವೆ ತೆಗೆದುಹಾಕಿ. ಈಚಿನ ಕಾಲ ಬೇಕೆಂದರೆ ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ಇದೆ. ವಾರಕ್ಕೆ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ಅದು ದಾರಿ ಮಾಡಿತು, ಜೊತೆಗೆ ಹೆಂಗಸರ ರಾತ್ರಿ ಪಾಳಿಗೂ ಒಪ್ಪಿಗೆ ಕೊಟ್ಟಿತು. ಅದರ ಮೇಲೆ ಅರ್ಧ ಪುಟ ಸಾಕು.

ಎಂಟು ಪುಟ ಮೀರದಂತೆ, ಬ್ಯಾಡಗಿಯಿಂದ ಶುರುಮಾಡಿ ಬರೆದು ಕಳಿಸಿ. ಚೀಲಕ್ಕೆ ಎಷ್ಟು, ಕಿಲೋಕ್ಕೆ ಎಷ್ಟು, ನಡು ಮುರಿದಾಗ ಯಾರು ಎಷ್ಟು ಕೊಟ್ಟರು ಎಂಬುದು ರೂಪಾಯಿಯಲ್ಲಿ ಇರಲಿ. ಅವ್ವನನ್ನು ಕೇಳಿ, ಅಪ್ಪನಿಗಿಂತ ಆಕೆಗೇ ಆ ಲೆಕ್ಕ ನೆನಪಿದ್ದೀತು. ನಮ್ಮ ಗೌರವಧನ ತೀರಾ ಸಣ್ಣದು, ಶೋಷಣೆ ಕುರಿತ ಲೇಖನಕ್ಕೂ ಅಷ್ಟೇ.